ಗಡಿನಾಡಿನ ಕನ್ನಡ ತರಗತಿಗೆ ಅಧ್ಯಾಪಕರಾಗುವುದು ಹೇಗೆ?

ಕೇರಳದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಿಸುವವರ ಹುದ್ದೆಗೆ ಬಹುಕಾಲ ‘ಎಲ್‌ಪಿ ಸ್ಕೂಲ್ ಅಸಿಸ್ಟೆಂಟ್’ ಎಂಬ ಹೆಸರಿತ್ತು. ಹೆಸರಿನಲ್ಲಿ ‘ಸಹಾಯಕ’ ಎಂದಿದ್ದರೂ ಅದು ತರಗತಿಯ ಪೂರ್ಣ ಹೊಣೆ ಹೊರುವ ಕೆಲಸವೇ ಆಗಿತ್ತು. ಈಗ ಅದನ್ನು ಎಲ್‌ಪಿ ಸ್ಕೂಲ್ ಟೀಚರ್ ಎನ್ನುತ್ತಾರೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಹುದ್ದೆಯನ್ನು ಬಯಸುವವರು ಪ್ಲಸ್ ಟು ಮುಗಿಸಿದ ಕೂಡಲೇ ದಾರಿ ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಮೊದಲು ಬೇಕಾದದ್ದು ಡಿ.ಎಲ್.ಎಡ್., ಅಂದರೆ ಹಿರಿಯರು ಇಂದಿಗೂ ಟಿಟಿಸಿ ಎಂದೇ ಕರೆಯುವ, ಪ್ರಾಥಮಿಕ ಶಾಲಾ ಅಧ್ಯಾಪಕರ ತರಬೇತಿ. ಪ್ಲಸ್ ಟುವಿನಲ್ಲಿ ಸಾಮಾನ್ಯವಾಗಿ ಶೇಕಡಾ 50 ಅಂಕ ಪಡೆದವರು ಎರಡು ವರ್ಷ, ನಾಲ್ಕು ಸೆಮಿಸ್ಟರ್‌ಗಳ ಈ ಕೋರ್ಸಿಗೆ ಅರ್ಜಿ ಸಲ್ಲಿಸಬಹುದು. ಜಿಲ್ಲೆಯ ಶಿಕ್ಷಣ ತರಬೇತಿ ಸಂಸ್ಥೆಯಾದ ಡಯಟ್ ಮಾಯಿಪ್ಪಾಡಿಯಲ್ಲಿದೆ. ಮಂಗಳೂರಿನ ಕಡೆ ಹೋಗಿ ಓದುವವರು, ಆ ಕೋರ್ಸಿಗೆ ಕೇರಳದಲ್ಲಿ ತತ್ಸಮಾನ ಮಾನ್ಯತೆ ಇದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು. ಬಿ.ಎಡ್. ಮಾಡಿದರೆ ಎಲ್ಲ ತರಗತಿಗಳಿಗೂ ಸಾಕು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಪ್ರಾಥಮಿಕ ತರಗತಿಗಳಿಗೆ ಅದು ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ತೀರ್ಪು ನೀಡಿದೆ.

ಬಳಿಕ ಕೆ-ಟೆಟ್, ಅಂದರೆ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ. ಎಲ್‌ಪಿ ವಿಭಾಗಕ್ಕೆ ಬರೆಯಬೇಕಾದದ್ದು ಒಂದನೇ ಕೆಟಗರಿ. 150 ನಿಮಿಷಗಳಲ್ಲಿ 150 ಪ್ರಶ್ನೆಗಳು: ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ, ಗಣಿತ, ಪರಿಸರ ಅಧ್ಯಯನ, ಎರಡು ಭಾಷೆಗಳು, ಹೀಗೆ ತಲಾ 30. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಾಮಾನ್ಯ ವಿಭಾಗದವರಿಗೆ 90 ಅಂಕ ಬೇಕು, ಮೀಸಲು ವಿಭಾಗಗಳಿಗೆ ರಿಯಾಯಿತಿಯಿದೆ. ಒಂದನೇ ಭಾಷೆಯಾಗಿ ಕನ್ನಡವನ್ನೇ ಆರಿಸಿಕೊಳ್ಳಿ.

ಖಾಯಂ ನೇಮಕಾತಿ ಕೇರಳ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ ಮೂಲಕ ನಡೆಯುತ್ತದೆ. ಅದರ ‘ತುಳಸಿ’ ಪೋರ್ಟಲ್‌ನಲ್ಲಿ ಒಮ್ಮೆ ನೋಂದಾಯಿಸಿಕೊಂಡು, ಕನ್ನಡ ಮಾಧ್ಯಮದ ಅಧಿಸೂಚನೆ ಬಂದಾಗ ತಪ್ಪದೆ ಅರ್ಜಿ ಹಾಕಬೇಕು. ಫೋಟೋದ ಕೆಳಗೆ ಹೆಸರೂ ತೆಗೆದ ದಿನಾಂಕವೂ ಅಚ್ಚಾಗಿರಬೇಕು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುವುದು ನಮ್ಮೂರಿನ ಹಳೆಯ ತೊಂದರೆ. ಅದನ್ನು ದಾಖಲೆ ಪರಿಶೀಲನೆಯ ದಿನದವರೆಗೆ ಉಳಿಸಿಕೊಳ್ಳದೆ ಮೊದಲೇ ಸರಿಪಡಿಸಿಕೊಳ್ಳಬೇಕು.

ರ‍್ಯಾಂಕ್ ಪಟ್ಟಿ ಬರುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ದಿನವೇತನದ ಅಧ್ಯಾಪಕರಿಗಾಗಿ ಶಾಲೆಗಳಲ್ಲೇ ಸಂದರ್ಶನ ನಡೆಯುತ್ತದೆ, ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಪ್ರಕಟಣೆಯೂ ಬರುತ್ತದೆ. ಮೂಲ ಪ್ರಮಾಣಪತ್ರಗಳೊಂದಿಗೆ ಹೇಳಿದ ಸಮಯಕ್ಕೆ ಹಾಜರಾದರೆ ಸಾಕು. ಸಂಬಳ ದೊಡ್ಡದಲ್ಲ, ಆದರೆ ಅನುಭವ ದೊಡ್ಡದು.

ಏಕೆಂದರೆ ಇಲ್ಲಿನ ಒಂದನೇ ತರಗತಿಯ ಕನ್ನಡ, ಮಕ್ಕಳೆಲ್ಲರ ಮನೆಮಾತಲ್ಲ. ಒಂದೇ ಬೆಂಚಿನಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ ಮಾತನಾಡುವ ಮಕ್ಕಳು ಕುಳಿತಿರುತ್ತಾರೆ. ಮಗು ಕಿಟಕಿಯ ಹೊರಗೆ ಕೈತೋರಿಸಿ ತುಳುವಿನಲ್ಲಿ ‘ಬರ್ಸ ಬರ್ಪುಂಡು’ ಎಂದಾಗ ಅದನ್ನು ತಿದ್ದಿ ಬಾಯಿ ಮುಚ್ಚಿಸುವ ಬದಲು, ‘ಹೌದು, ಮಳೆ ಬರುತ್ತಿದೆ’ ಎಂದು ಹೇಳಿ ಹಲಗೆಯ ಮೇಲೆ ‘ಮಳೆ’ ಎಂದು ಬರೆಯುವ ಅಧ್ಯಾಪಕರು ಆ ಮಗುವನ್ನು ಕನ್ನಡಕ್ಕೆ ಕರೆತರುತ್ತಾರೆ. ಆದ್ದರಿಂದ ತರಬೇತಿಯ ಅವಧಿಯಲ್ಲಿ ಶಾಲಾ ಅಭ್ಯಾಸಕ್ಕೆ ಹೋದಾಗ, ನಿಮ್ಮ ಮನೆಯಲ್ಲಿಲ್ಲದ ಇನ್ನೊಂದು ಭಾಷೆಯ ನಿತ್ಯಬಳಕೆಯ ಐವತ್ತು ಮಾತುಗಳನ್ನಾದರೂ ಆ ಮಕ್ಕಳಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.