ಚರ್ಮ ಬೇಗ ಹರಿಯುವ ನಾಯಿಗೆ ಗಾಯವಾದರೆ ಹೀಗೆ ಮಾಡಿ

ಎಹ್ಲರ್ಸ್-ಡ್ಯಾನ್ಲೋಸ್ ಎಂಬ ಕಾಯಿಲೆ ನಾಯಿಗೆ ಹುಟ್ಟಿನಿಂದಲೇ ಬರುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್‌ನಲ್ಲೇ ದೋಷ. ಎಳೆದರೆ ಚರ್ಮ ರಬ್ಬರಿನಂತೆ ಹಿಗ್ಗುತ್ತದೆ, ಸಣ್ಣ ಪೆಟ್ಟಿಗೂ ಹರಿಯುತ್ತದೆ. ರಕ್ತ ಜಾಸ್ತಿ ಬರುವುದಿಲ್ಲ, ಹಾಗಾಗಿ ಕೂದಲ ಕೆಳಗಿನ ಗಾಯ ಬೇಗ ಕಾಣುವುದಿಲ್ಲ. ಮಂಡ್ಯ ಕಡೆ ಕಬ್ಬಿನ ಗದ್ದೆಗೆ ನುಗ್ಗುವ ನಾಯಿಗಳಿಗೆ ಗರಿಯ ಅಂಚು, ತಂತಿ ಬೇಲಿ ಎರಡೂ ಅಪಾಯ.

1. ಕತ್ತಿನ ಚರ್ಮ ಹಿಡಿದು ಎತ್ತಬೇಡಿ. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ.

2. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟ ಟೀ ಚಮಚ ಉಪ್ಪು ಹಾಕಿ. ಸೂಜಿ ತೆಗೆದ ಸಿರಿಂಜಿನಿಂದ ಮೆಲ್ಲಗೆ ಗಾಯದ ಮೇಲೆ ಬಿಡಿ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ ಪುಡಿ ಯಾವುದೂ ಬೇಡ.

3. ಜನ ಎಡವುವುದು ಇಲ್ಲೇ. ಹರಿದ ಚರ್ಮ ಒಂದು ಕಡೆ ಜೋತಾಡುತ್ತಿರುತ್ತದೆ. ಅದನ್ನು ಕತ್ತರಿಸಬೇಡಿ, ಅಂಚುಗಳನ್ನು ಎಳೆದು ಕೂಡಿಸಲೂ ಹೋಗಬೇಡಿ. ಗಾಜ್ ಎಂಬ ಗಾಯಕ್ಕೆ ಕಟ್ಟುವ ತೆಳು ಬಟ್ಟೆಯನ್ನು ಒದ್ದೆ ಮಾಡಿ, ಅದರಿಂದ ಚರ್ಮವನ್ನು ಮೆಲ್ಲಗೆ ಅದರ ಜಾಗಕ್ಕೆ ಸರಿಸಿ. ಅದರ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದಂತೆ ಜಿಡ್ಡು ಸವರಿದ್ದು), ಆಮೇಲೆ ಒಣ ಗಾಜ್. ಹತ್ತಿ ಇಡಬೇಡಿ, ನಾರು ಗಾಯಕ್ಕೆ ಅಂಟುತ್ತದೆ. ಕೊನೆಗೆ ಬಟ್ಟೆಯ ಬ್ಯಾಂಡೇಜ್ ಸಡಿಲವಾಗಿ ಸುತ್ತಿ, ಒಳಗೆ ಎರಡು ಬೆರಳು ಹೋಗಬೇಕು. ಅಂಟು ಪ್ಲಾಸ್ಟರ್ ಮಾತ್ರ ಖಂಡಿತ ಬೇಡ. ಬಿಚ್ಚುವಾಗ ಚೆನ್ನಾಗಿದ್ದ ಚರ್ಮವೂ ಅದರ ಜೊತೆ ಕಿತ್ತು ಬರುವುದನ್ನು ಕಣ್ಣಾರೆ ನೋಡಿದ್ದೇನೆ. ಬ್ಯಾಂಡೇಜ್ ಜಾರದಂತೆ ಹಳೆಯ ಟೀ ಶರ್ಟ್ ತೊಡಿಸಿ. ನನಗೆ ಅದಕ್ಕಿಂತ ಒಳ್ಳೆಯ ಉಪಾಯ ಕಂಡಿಲ್ಲ.

4. ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ನೋವಿಗೆ ಅಂತ ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ಅವು ವಿಷವಾಗಬಹುದು. ಕಾಯಿಲೆಯ ಹೆಸರನ್ನು ಹೊಲಿಗೆಗೆ ಮೊದಲೇ ಹೇಳಿ. ಅಂಚಿಗೆ ಹತ್ತಿರ ಹಾಕಿದ ಹೊಲಿಗೆ ಚರ್ಮವನ್ನೇ ಸೀಳಿಕೊಂಡು ಬರುತ್ತದೆ. ಕಾಯಿಲೆ ಇನ್ನೂ ಅನುಮಾನವೇ ಆಗಿದ್ದರೆ ಅಳತೆ ನೋಡಲು ಕೇಳಿ. ಬೆನ್ನಿನ ಚರ್ಮ ಎಷ್ಟು ಎತ್ತರ ಏಳುತ್ತದೆ ಎಂಬುದನ್ನು ತಲೆಯ ಹಿಂಭಾಗದಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಹೋಲಿಸುತ್ತಾರೆ. ಎತ್ತರ ಆ ಉದ್ದದ ಶೇ. 14.5 ದಾಟಿದರೆ ಅನುಮಾನ ಬಲವಾಗುತ್ತದೆ. ಮನೆಯಲ್ಲಿ ಸುಮ್ನೆ ಎಳೆದು ನೋಡಬೇಡಿ.

ಈ ಕಾಯಿಲೆಗೆ ಮದ್ದಿಲ್ಲ. ಕೊರಳಪಟ್ಟಿ ಬಿಟ್ಟು ಅಗಲವಾದ ಮೆತ್ತನೆಯ ಹಾರ್ನೆಸ್ ಹಾಕಿ, ಉಗುರು ಚಿಕ್ಕದಾಗಿಡಿ, ಉಣ್ಣಿ, ಚಿಗಟ ಹತ್ತಲು ಬಿಡಬೇಡಿ. ಕೆರೆದುಕೊಂಡರೂ ಚರ್ಮ ಹರಿಯುತ್ತದೆ. ಮರಿ ಹಾಕಿಸಲೇಬೇಡಿ, ದೋಷ ಮರಿಗಳಿಗೂ ಹೋಗಬಹುದು. ಸಂತಾನಹರಣ ಆಪರೇಷನ್ ಮಾಡಿಸುವಾಗಲೂ ಹೊಲಿಗೆಯ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ.