ಹಂಚಿಕೊಂಡ ಸರ್ವರ್‌ನಲ್ಲಿ ಡಾಕರ್ ಇದ್ದರೆ ಈ ಪರ್ಮಿಷನ್ ಒಮ್ಮೆ ನೋಡಿ

ಕಾಲೇಜಿನ ಲ್ಯಾಬ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ವಿದ್ಯಾರ್ಥಿಗಳೆಲ್ಲ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗಿ) ಬರುವ ಮೆಷಿನ್‌ನಲ್ಲೇ ಡಾಕರ್ ಕಂಟೇನರ್‌ಗಳೂ (ತಮ್ಮದೇ ಫೈಲ್‌ಗಳೊಂದಿಗೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂಗಳು) ಓಡುತ್ತವೆ. ನಿಮ್ಮಲ್ಲೂ ಹೀಗೇ ಇದ್ದು, ಇನ್‌ಸ್ಟಾಲ್ ಮಾಡಿ ವರ್ಷಗಳಾಗಿದ್ದರೆ, ಸಿವಿಇ-2021-41091 ಎಂಬ ಭದ್ರತಾ ದೋಷ ಉಳಿದುಕೊಂಡಿದೆಯಾ ಅಂತ ಇವತ್ತೇ ನೋಡಿ.

ಡಾಕರ್ ತನ್ನ ಫೈಲ್‌ಗಳನ್ನು ಇಡುವುದು /ವಾರ್/ಲಿಬ್/ಡಾಕರ್ ಒಳಗೆ. 20.10.9ಕ್ಕೆ ಮುಂಚಿನ ಹಲವು 20.10 ವರ್ಷನ್‌ಗಳಲ್ಲಿ ಇಲ್ಲಿನ ಡೈರೆಕ್ಟರಿಗಳಿಗೆ 0701 ಪರ್ಮಿಷನ್ ಇರುತ್ತಿತ್ತು. ಆ ಕೊನೆಯ 1 ಇದೆಯಲ್ಲ, ತೊಂದರೆ ಅದರದ್ದೇ. ಬೇರೆ ಯೂಸರ್‌ಗಳು ಪಟ್ಟಿ ನೋಡೋಕೆ ಆಗಲ್ಲ, ಆದರೆ ಪೂರ್ತಿ ಪಾತ್ ಗೊತ್ತಿದ್ದರೆ ಸೀದಾ ಒಳಗೆ ಹೋಗಬಹುದು. ಪಾತ್ ಗುಟ್ಟೇನೂ ಅಲ್ಲ. ಫೈಂಡ್‌ಮೌಂಟ್ ಕಮಾಂಡ್ ಕೊಟ್ಟರೆ, ಓಡುತ್ತಿರುವ ಕಂಟೇನರ್‌ನ ಓವರ್‌ಲೇ ಪಾತ್ (ಅದರ ಫೈಲ್‌ಗಳು ಸರ್ವರ್‌ನಲ್ಲಿರುವ ಜಾಗ) ಯಾರಿಗೆ ಬೇಕಾದರೂ ಕಾಣುತ್ತದೆ.

ಕಂಟೇನರ್ ಒಳಗೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿರುವವರು ಕಮಾಂಡ್ ಓಡಿಸುವ ಬ್ಯಾಷ್‌ಗೆ ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಫೈಲ್ ಮಾಲೀಕರ ಅಧಿಕಾರ ಕೊಡುವ ಗುರುತು) ಹಾಕಿಟ್ಟರು ಅಂದುಕೊಳ್ಳಿ. ಹೋಸ್ಟ್‌ನ, ಅಂದರೆ ಸರ್ವರ್‌ನ, ಸಾಮಾನ್ಯ ಯೂಸರ್ ಅದನ್ನು ಓಡಿಸಿ ಹೋಸ್ಟ್‌ಗೇ ರೂಟ್ ಆಗಬಹುದು. ಯುಐಡಿ (ಯೂಸರ್ ನಂಬರ್) ಎರಡೂ ಕಡೆ ಒಂದೇ ಆಗಿಬಿಟ್ಟರೆ ಇಷ್ಟು ಕಷ್ಟವೂ ಬೇಡ. ನೋಡ್‌ಜೆಎಸ್‌ನ ಅಧಿಕೃತ ಇಮೇಜ್‌ನಲ್ಲಿ ಬರುವ ಯೂಸರ್ 1000. ಉಬುಂಟುವಿನಲ್ಲಿ ಮೊದಲು ಮಾಡಿದ ಅಕೌಂಟೂ 1000. ಕರ್ನಲ್ ನೋಡುವುದು ನಂಬರನ್ನು, ಹೆಸರನ್ನಲ್ಲ. ಆ ಅಕೌಂಟಿನವರು ಕಂಟೇನರ್‌ನಲ್ಲಿ ಅದೇ ನಂಬರಿನವರ ಫೈಲ್ ಓದಬಹುದು, ತಿದ್ದಲೂಬಹುದು.

ಮೊದಲು ಡಾಕರ್ ವರ್ಷನ್ ಕಮಾಂಡ್ ಕೊಟ್ಟು ಸರ್ವರ್ ಭಾಗದ ನಂಬರ್ ನೋಡಿ, ಕ್ಲೈಂಟ್‌ನದ್ದಲ್ಲ. ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಡಾಕರ್ ಕಂಟೇನರ್ ಓಡಿಸಲು ಬಳಸುವ ಕಂಟೇನರ್‌ಡಿ ಬೇರೆಯೇ ಪ್ಯಾಕೇಜ್, ಅದನ್ನು ಮರೆಯಬೇಡಿ. ಅದರಲ್ಲೂ ಇಂಥದ್ದೇ ದೋಷವಿತ್ತು, ಸಿವಿಇ-2021-41103. ಸರಿಯಾದದ್ದು 1.4.11 ಮತ್ತು 1.5.7ರಲ್ಲಿ.

ಕೆಲಸ ಇಲ್ಲಿಗೆ ಮುಗಿಯಲ್ಲ. ಓಡುತ್ತಿರುವ ಕಂಟೇನರ್‌ಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮಾತ್ರ ಅವುಗಳ ಪರ್ಮಿಷನ್ ಬದಲಾಗುತ್ತದೆ. ಲೈವ್-ರಿಸ್ಟೋರ್ ಸೆಟ್ಟಿಂಗ್ ಆನ್ ಇದ್ದರೆ ಇನ್ನೂ ಹುಷಾರಾಗಿರಿ: ಡೀಮನ್ (ಹಿನ್ನೆಲೆಯಲ್ಲಿ ಓಡುವ ಡಾಕರ್ ಸರ್ವಿಸ್) ಹೊಸದಾಗುತ್ತದೆ, ಕಂಟೇನರ್‌ಗಳು ಹಾಗೇ ಓಡುತ್ತಿರುತ್ತವೆ.

ಈಗ ರೂಟ್ ಆಗಿ /ವಾರ್/ಲಿಬ್/ಡಾಕರ್ ಮೇಲೆ ಸ್ಟ್ಯಾಟ್ ಕಮಾಂಡ್ (ಪರ್ಮಿಷನ್ ತೋರಿಸುವುದು) ಕೊಡಿ. 0710 ಬಂದರೆ ಸರಿ. ಕೊನೆಯ ಅಂಕಿ 0 ಇರಲೇಬೇಕು. ಆಮೇಲೆ ಡಾಕರ್ ಗ್ರೂಪ್‌ನಲ್ಲಿ (ಡಾಕರ್ ಬಳಸಲು ಅನುಮತಿ ಇರುವವರ ಗುಂಪು) ಇಲ್ಲದ ಯೂಸರ್ ಒಬ್ಬರ ಹೆಸರಲ್ಲಿ ಲಾಗಿನ್ ಆಗಿ, ಫೈಂಡ್‌ಮೌಂಟ್ ತೋರಿಸಿದ ಪಾತ್ ಒಳಗಿನ ಇಟಿಸಿ ಡೈರೆಕ್ಟರಿಯನ್ನು ಎಲ್‌ಎಸ್ ಮಾಡಿ. ‘ಪರ್ಮಿಷನ್ ಡಿನೈಡ್’ ಬರಬೇಕು. ಉಬುಂಟುವಿನಂಥ ಡಿಸ್ಟ್ರೋದವರು ಹಳೇ ವರ್ಷನ್ ನಂಬರಿಗೇ ಪ್ಯಾಚ್ ಹಾಕುವುದುಂಟು, ಅದಕ್ಕೇ ವರ್ಷನ್‌ಗಿಂತ ಈ ಪರೀಕ್ಷೆಯನ್ನು ನಾನು ಜಾಸ್ತಿ ನಂಬುತ್ತೇನೆ. ಡಾಕರ್ ಗ್ರೂಪ್‌ನಲ್ಲಿರುವವರಿಗೆ ಹೇಗೂ ರೂಟ್‌ನಷ್ಟೇ ಅಧಿಕಾರ ಇರುತ್ತದೆ ಅಲ್ವಾ, ಆ ಪಟ್ಟಿಯನ್ನೂ ಇದೇ ಕೈಯಲ್ಲಿ ಸಣ್ಣದು ಮಾಡಿ.

ಸರ್ವರ್ ಬಹಳ ಕಾಲ ಹೀಗೇ ತೆರೆದಿತ್ತು ಅಂದರೆ, /ವಾರ್/ಲಿಬ್/ಡಾಕರ್‌ನ ಓವರ್‌ಲೇ2 ಡೈರೆಕ್ಟರಿ ಒಳಗೆ ಸೆಟ್‌ಯುಐಡಿ ಫೈಲ್‌ಗಳನ್ನು ಫೈಂಡ್‌ನಿಂದ ಹುಡುಕಿ. ಎಸ್‌ಯು, ಮೌಂಟ್, ಪಾಸ್‌ಡಬ್ಲ್ಯುಡಿ ಸಿಗುವುದು ಸಹಜ. ಬ್ಯಾಷ್ ಸಿಕ್ಕಿದರೆ ಆ ಕಂಟೇನರ್ ಯಾರದ್ದು ಅಂತ ಹುಡುಕಿ, ಸರ್ವರನ್ನು ನೆಟ್‌ವರ್ಕ್‌ನಿಂದ ಬಿಡಿಸಿ.