ಚಂದ್ರಗಿರಿ ಅಳಿವೆಯ ನೀರು ಎಷ್ಟು ಬೆಳಕನ್ನು ಹೀರುತ್ತದೆ: ಅಳೆಯುವ ಕ್ರಮ

ಪಯಸ್ವಿನಿ ಹೊಳೆಯು ಕೊಡಗಿನ ಬೆಟ್ಟಗಳಿಂದ ಇಳಿದು ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲನ್ನು ಸೇರುವಾಗ, ಕಣ್ಣಿಗೆ ಕಾಣುವ ಕೆಸರಿನ ಜತೆಗೆ, ಕೊಳೆತ ಎಲೆ ಮತ್ತು ಮಣ್ಣಿನಿಂದ ಕರಗಿ ಬಂದ ಸಾವಯವ ದ್ರವ್ಯವನ್ನೂ ತರುತ್ತದೆ. ಇದರ ಬಣ್ಣವುಳ್ಳ ಭಾಗವು ನೇರಳಾತೀತ ಮತ್ತು ನೀಲಿ ಬೆಳಕನ್ನು ಬಲವಾಗಿ ಹೀರುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಪ್ಲವಕಗಳ ಪತ್ರಹರಿತ್ತು ಹೀರುವುದೂ ಸುಮಾರು 440 ನ್ಯಾನೊಮೀಟರಿನ ನೀಲಿಯನ್ನೇ ಆದುದರಿಂದ, ಉಪಗ್ರಹ ಚಿತ್ರವನ್ನಷ್ಟೇ ನಂಬಿದರೆ ಕರಾವಳಿಯ ನೀರಿನಲ್ಲಿ ಪತ್ರಹರಿತ್ತು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ನೀರನ್ನೇ ಅಳೆಯುವುದು ಅದಕ್ಕಾಗಿ.

ಮಾದರಿಯನ್ನು ಹೊಳೆಯ ಸಿಹಿನೀರಿನಿಂದ ತೆರೆದ ಕಡಲಿನವರೆಗೆ ಹಲವು ಕಡೆ, ಆಮ್ಲದಿಂದ ತೊಳೆದ ಕಂದು ಗಾಜಿನ ಬಾಟಲಿಗಳಲ್ಲಿ ತೆಗೆದುಕೊಳ್ಳಬೇಕು. ಪ್ರತಿ ಸ್ಥಳದ ಲವಣಾಂಶವನ್ನೂ ಅಲ್ಲಿಯೇ ಬರೆದಿಡಬೇಕು. ಲವಣಾಂಶವಿಲ್ಲದ ಅಳತೆಯಿಂದ ಹೆಚ್ಚೇನೂ ತಿಳಿಯದು ಎಂಬುದು ನನ್ನ ಅಭಿಪ್ರಾಯ. ಅದೇ ದಿನ 0.2 ಮೈಕ್ರಾನ್ ರಂಧ್ರದ ಶೋಧಕದಲ್ಲಿ ಸೋಸಿ, ಶೋಧಕದಿಂದಲೇ ಸಾವಯವ ವಸ್ತು ಬಿಟ್ಟುಕೊಳ್ಳಬಹುದಾದ್ದರಿಂದ ಮೊದಲು ಇಳಿದ ನೀರನ್ನು ಚೆಲ್ಲಿ, ಉಳಿದುದನ್ನು ಕತ್ತಲೆಯಲ್ಲಿ, ತಣ್ಣಗೆ, ಆದರೆ ಹೆಪ್ಪುಗಟ್ಟದಂತೆ ಇಡಬೇಕು.

ಅಳೆಯುವ ಮೊದಲು ನೀರು ಕೋಣೆಯ ಉಷ್ಣತೆಗೆ ಬರಲಿ. ಇಲ್ಲದಿದ್ದರೆ ಕ್ಯುವೆಟ್ಟಿನ, ಅಂದರೆ ನೀರು ತುಂಬಿ ಬೆಳಕು ಹಾಯಿಸುವ ಪಾರದರ್ಶಕ ಪಾತ್ರೆಯ, ಹೊರಮೈಯಲ್ಲಿ ಹನಿಗಟ್ಟುತ್ತದೆ. 10 ಸೆಂಟಿಮೀಟರ್ ಉದ್ದದ ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ ಅತಿಶುದ್ಧ ನೀರನ್ನು ಆಧಾರವಾಗಿಟ್ಟುಕೊಂಡು 250ರಿಂದ 700 ನ್ಯಾನೊಮೀಟರಿನವರೆಗೆ ಬೆಳಕಿನ ಹೀರುವಿಕೆಯನ್ನು ಸ್ಪೆಕ್ಟ್ರೊಫೋಟೊಮೀಟರಿನಲ್ಲಿ (ಪ್ರತಿ ತರಂಗಾಂತರದಲ್ಲಿ ಹೀರುವಿಕೆ ಅಳೆಯುವ ಉಪಕರಣ) ಓದಬೇಕು. 700ರ ಹತ್ತಿರ ಈ ದ್ರವ್ಯದ ಹೀರುವಿಕೆ ನಗಣ್ಯವಾದುದರಿಂದ, ಅಲ್ಲಿ ಉಳಿದ ಓದನ್ನು ಎಲ್ಲ ಓದುಗಳಿಂದಲೂ ಕಳೆಯಬೇಕು.

ಹೀಗೆ ಸಿಕ್ಕ ಓದನ್ನು 2.303ರಿಂದ ಗುಣಿಸಿ, ಕ್ಯುವೆಟ್ಟಿನ ಉದ್ದವನ್ನು ಮೀಟರಿನಲ್ಲಿಟ್ಟು ಭಾಗಿಸಿದರೆ ಹೀರುವಿಕೆಯ ಗುಣಾಂಕ ದೊರೆಯುತ್ತದೆ. 440ರಲ್ಲಿ ಓದು 0.030 ಇದ್ದರೆ ಗುಣಾಂಕವು ಮೀಟರಿಗೆ 0.69, ಅಂದರೆ ಕರಗಿದ ದ್ರವ್ಯವೊಂದೇ ಒಂದು ಮೀಟರಿನಲ್ಲಿ ಅರ್ಧದಷ್ಟು ನೀಲಿ ಬೆಳಕನ್ನು ನುಂಗುತ್ತದೆ. ತರಂಗಾಂತರ ಕಡಿಮೆಯಾದಂತೆ ಗುಣಾಂಕವು ಘಾತೀಯವಾಗಿ ಏರುತ್ತದೆ: ಈ ಏರಿಕೆ ಎಷ್ಟು ಕಡಿದಾಗಿದೆ ಎಂದು ಹೇಳುವ ಇಳಿಜಾರು ನ್ಯಾನೊಮೀಟರಿಗೆ 0.017 ಎಂದಾದರೆ, ಅದೇ ನೀರಿನಲ್ಲಿ 350ರ ಗುಣಾಂಕ ಸುಮಾರು 3.2, ಒಂದು ಮೀಟರಿನಾಚೆ ಉಳಿಯುವ ಬೆಳಕು ನೂರರಲ್ಲಿ ನಾಲ್ಕು ಪಾಲು ಮಾತ್ರ. (ಕೆಂಪಿನ ಕಡೆ ಹೀರುವ ಕೆಲಸ ಹೆಚ್ಚಾಗಿ ನೀರಿನದ್ದೇ.) ಇಳಿಜಾರನ್ನು ಯಾವ ತರಂಗಾಂತರಗಳ ನಡುವೆ ಲೆಕ್ಕ ಹಾಕಲಾಯಿತೆಂದು ನಮೂದಿಸದೆ ಬೇರೆಯವರ ಅಂಕಿಗಳೊಡನೆ ಹೋಲಿಸಬಾರದು.

ಕೊನೆಗೆ 440ರ ಗುಣಾಂಕವನ್ನು ಲವಣಾಂಶದ ಎದುರು ಗುರುತಿಸಿ, ಹೊಳೆಯ ಮತ್ತು ಕಡಲಿನ ತುದಿಗಳನ್ನು ಗೆರೆಯಿಂದ ಸೇರಿಸಬೇಕು. ಬಿಂದುಗಳು ಗೆರೆಯ ಮೇಲೆಯೇ ಕೂತರೆ ನಡೆದಿರುವುದು ಬರೀ ಬೆರಕೆ. ಕೆಳಗಿಳಿದರೆ ಬಿಸಿಲಿಗೆ ಬಣ್ಣ ಮಾಸಿರಬಹುದು ಅಥವಾ ದ್ರವ್ಯವು ಕಣಗಳಿಗೆ ಅಂಟಿ ತಳ ಸೇರಿರಬಹುದು. ಮೇಲಿದ್ದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರಿನಂತಹ ಇನ್ನೊಂದು ಮೂಲವನ್ನು ದಡದಲ್ಲಿಯೇ ಹುಡುಕಬೇಕು.